ಕಪ್ಪು ಪರದೆಯಲ್ಲಿ ಸಿಕ್ಕ ಹೆಸರು

ಸಾಲಿಗ್ರಾಮದಿಂದ ದಿನಾ ಬಸ್ಸಿನಲ್ಲಿ ಬಂದು ಕುಂದಾಪುರದಲ್ಲಿ ಟೈಪಿಂಗ್ ಅಂಗಡಿ ತೆರೆಯುವ ಮನೋರಮಾ ಯಾವ ಫೈಲಿಗೂ ಇಡುವುದು ಬರೆಸಿದವರ ಮನೆಯ ಹೆಸರನ್ನೇ. ಒಂದೇ ಓಣಿಯಲ್ಲಿ ನಾಲ್ಕು ಶ್ರೀರಾಮರಿದ್ದರೆ ಪಾಪ, ಅವರಾದರೂ ಏನು ಮಾಡಿಯಾರು!

ಆ ಬೆಳಿಗ್ಗೆ ಕಂಪ್ಯೂಟರ್ ಕೈಕೊಟ್ಟಿತು. ಚಿತ್ರವೊಂದೂ ಇಲ್ಲ, ಕಪ್ಪು ಪರದೆಯ ಮೂಲೆಯಲ್ಲಿ ಮಿನುಗುವ ಗೆರೆಯೊಂದೇ. ಎದುರಿಗೆ ಬಿಜೂರಿನ ಚಂದಯ್ಯ ಕೂತಿದ್ದರು. ನಾಳೆ ಮೊಮ್ಮಗಳ ನಾಮಕರಣ. ಮನೆಯ ಹಿರಿಯಜ್ಜಿಯ ಹೆಸರನ್ನೇ ಇಡಬೇಕೆಂದು ಹಟ. ಆದರೆ ಎಲ್ಲರ ಬಾಯಲ್ಲೂ ಆಕೆ ಬರೀ ದೊಡ್ಡಜ್ಜಿ! ನಿಜವಾದ ಹೆಸರು ಗೊತ್ತಿದ್ದದ್ದು ಅಕ್ಕ ರತ್ನಳಿಗೆ ಮಾತ್ರ. ಅವಳು ಹೋದ ವರ್ಷ ತೀರಿಕೊಂಡಳು. ಅವಳು ಹೇಳಿ ಬರೆಸಿದ ವಂಶವೃಕ್ಷ ಇದ್ದದ್ದು ಇದೇ ಕಂಪ್ಯೂಟರಿನಲ್ಲಿ.

ರಿಪೇರಿಯ ಯೋಗೀಶ್ ಎರಡು ನಿಮಿಷ ನೋಡಿ ತೀರ್ಪು ಕೊಟ್ಟೇಬಿಟ್ಟ.

“ಅಕ್ಕ, ಎಲ್ಲ ಅಳ್ಸಿ ಹೊಸ್ತಾಗಿ ಹಾಕ್ಕ್. ಬರೀ ಕಪ್ಪು ಪರ್ದಿ ಬತ್ತ್, ಅದ್ರಗೆ ಎಂತ ಮಾಡುಕಾತ್ತ್?”

ಚಂದಯ್ಯನ ಮುಖ ಬಾಡಿತು. ಮನೋರಮಾಗೆ ಸಿಟ್ಟು ನೆತ್ತಿಗೇರಿತು.

“ನೀ ಹುಟ್ಟುಕೆ ಮುಂಚೆ ನಾ ಕಲ್ತದ್ದೇ ಅದ್ರಗೆ. ಸರಿ ಆಚಿಗೆ!”

ಅವರು ಕಲಿತ ಕಾಲದಲ್ಲಿ ಮೌಸ್ ಎಂಬುದನ್ನು ಕಂಡವರೇ ಇರಲಿಲ್ಲ. ಒತ್ತಲು ಚಿತ್ರವಿಲ್ಲ, ಬೇಕಾದ್ದನ್ನು ಅಕ್ಷರದಲ್ಲೇ ಹೇಳಬೇಕು. ಸರಿಯಾಗಿ ಹೇಳಿದರೆ ಯಂತ್ರ ತಕರಾರಿಲ್ಲದೆ ಮಾಡುತ್ತದೆ. ಒಂದಕ್ಷರ ತಪ್ಪಿದರೆ ಮುಲಾಜಿಲ್ಲದೆ ಇಲ್ಲ ಅನ್ನುತ್ತದೆ. ಮನೋರಮಾಗೆ ಇಷ್ಟವಾಗಿದ್ದೇ ಆ ನೇರ ನುಡಿ.

“ಚಂದಯ್ಯಣ್ಣ, ಮನಿ ಹೆಸ್ರ್?”

“ಕೆಳಮನೆ.”

ಇದ್ದದ್ದನ್ನೆಲ್ಲ ತೋರಿಸು ಎಂಬ ಆಜ್ಞೆಯ ಮೂರಕ್ಷರ ಒತ್ತಿ, ಮುಂದೆ ಕೆಳಮನೆ ಎಂದು ಟೈಪ್ ಮಾಡಿದರು. ಅಂಥ ಫೈಲೇ ಇಲ್ಲ ಎಂದಿತು ಪರದೆ. ಯೋಗೀಶ್ ಮೀಸೆಯಡಿ ನಕ್ಕ. ಮನೋರಮಾ ಹಣೆ ಚಚ್ಚಿಕೊಂಡರು.

“ಅಯ್ಯೋ, ಬರ್ಸದ್ದ್ ರತ್ನಕ್ಕ ಅಲ್ದಾ! ಅವ್ರ ಗಂಡನ್ ಮನಿ ಯಾವ್ದ್?”

“ತ್ರಾಸಿ ಹೊಸಮನೆ!”

ಬೆರಳು ಓಡಿತು. ಎಂಟರ್ ಒತ್ತಿದ್ದೇ ತಡ, ಹೊಸಮನೆ ಎಂಬ ಫೈಲಿನ ಒಂದು ಸಾಲು ಮೂಡಿತು. ಮನೋರಮಾ ಕುರ್ಚಿಯಿಂದ ಎದ್ದೇಬಿಟ್ಟರು, ಆ ವಯಸ್ಸಿನಲ್ಲೂ ಕುಣಿಯುವಷ್ಟು ಖುಷಿ ಅವರಿಗೆ! ನಿಂತಲ್ಲೇ ಇನ್ನೊಂದು ಆಜ್ಞೆ ಕೊಟ್ಟು ಫೈಲನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿದರು. ಯೋಗೀಶ್ ಅದನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ ತೆರೆದ.

ಚಂದಯ್ಯ ಕನ್ನಡಕ ಏರಿಸಿ ಒಂದೊಂದೇ ಹೆಸರು ದಾಟುತ್ತ ಮೇಲಿನ ಸಾಲಿಗೆ ಹೋದರು. ಅಲ್ಲಿ ಬೆರಳು ನಿಂತಿತು. ಸೊಸೆಗೆ ಫೋನು ಹಚ್ಚಿದರು.

“ಹ್ವಾಯ್ ದೀಕ್ಷಾ, ಸಿಕ್ತ್ ಮಗಾ! ಸಿಂಗಾರಿ! ದೊಡ್ಡಜ್ಜಿ ಹೆಸ್ರ್ ಸಿಂಗಾರಿ!”

ಕಣ್ಣಲ್ಲಿ ನೀರು ಸುರಿಯುತ್ತಿತ್ತು. ದೊಡ್ಡಜ್ಜಿಯನ್ನು ಅಷ್ಟು ಗಟ್ಟಿಯಾಗಿ ಹೆಸರು ಹಿಡಿದು ಕರೆದು ನೂರು ವರ್ಷವಾದರೂ ಆಗಿರಬೇಕು.