ಬಳ್ಳಿ ಒಣಗುವ ಮೊದಲು

ಠಕ್. ತುಸು ತಡೆದು ಇನ್ನೊಂದು ಠಕ್. ಅಣ್ಣ ಮರಕ್ಕೆ ಮುದ್ರೆ ಒತ್ತುವ ಸುತ್ತಿಗೆಯ ಸದ್ದು ಹಾಗಿರುತ್ತಿತ್ತು. ಈ ಬೆಳಿಗ್ಗೆ ಗಂಗಾವತಿಯ ನಮ್ಮ ಮನೆಯ ಹಿಂದಿನ ಕಟ್ಟಿಗೆ ಅಡ್ಡೆಯಲ್ಲಿ ಯಾರೋ ದಿಮ್ಮಿಗೆ ಬೆಣೆ ಹೊಡೆದರು; ನಾನು ಕಾಫಿ ಕಪ್ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ.

ಕುಷ್ಟಗಿಯ ಬಯಲಿನಲ್ಲಿ ಬೇವು, ಜಾಲಿ ನೋಡಿ ಬೆಳೆದ ಅಣ್ಣ, ಬಿಸಿಲೇ ನೆಲ ಮುಟ್ಟದ ಘಟ್ಟದ ಕಾಡಿಗೆ ರೇಂಜರ್ ಆಗಿ ಹೋದ. ಕಾನ್ವೆಂಟಿಗೆ ರಜೆ ಬಂದರೆ ನಾನೂ ಅಲ್ಲಿಗೆ. ಪಾಲಿಶ್ ಮಾಡಿದ ಬ್ಲ್ಯಾಕ್ ಶೂಸ್ ಹಾಕಿಕೊಂಡು ಕಾಡು ನೋಡಲು ಹೊರಟವಳು ನಾನೊಬ್ಬಳೇ ಇರಬೇಕು. ಜಿಗಣೆಗಳಿಗೆ ನನ್ನ ಬಿಳಿ ಸಾಕ್ಸ್ ಬಹಳ ಹಿಡಿಸಿತ್ತು.

ಕಡಿಯಬೇಕಾದ ಮರಕ್ಕೆ ಎದೆಮಟ್ಟದಲ್ಲೊಂದು ಮುದ್ರೆ, ಬೇರಿನ ಹತ್ತಿರ ಇನ್ನೊಂದು. ಮರ ಹೋದ ಮೇಲೂ ಕೆಳಗಿನದು ಬುಡದಲ್ಲಿ ಉಳಿಯಬೇಕು, ಇದು ಕದ್ದದ್ದಲ್ಲ ಎಂದು ಹೇಳಲು. ಬೀಜ ಉದುರಿಸುವ ತಾಯಿಮರವನ್ನು ಮುಟ್ಟುವಂತಿಲ್ಲ. ಎಲ್ಲಕ್ಕಿಂತ ಮೊದಲು, ಮರದಿಂದ ಮರಕ್ಕೆ ಹಬ್ಬಿದ ಬಳ್ಳಿಗಳನ್ನು ಕಡಿದು ಒಂದು ಬೇಸಿಗೆ ಒಣಗಲು ಬಿಡಬೇಕು. ಹಸಿ ಬಳ್ಳಿ ಹಗ್ಗವಿದ್ದಂತೆ. ಬೀಳುವ ಮರ ನೆರೆಯದನ್ನೂ ಎಳೆದುಕೊಂಡು ಬೀಳುತ್ತದೆ.

"ಮುಪ್ಪಾದದ್ದನ್ನ ಒಯ್ಯಬೇಕು, ಹಡಿಯೋದನ್ನ ಬಿಡಬೇಕು. ನಿಮ್ಮ ಸಿಸ್ಟರ್ ಇದನ್ನ ಕಲಿಸಿಲ್ಲೇನು?" ಎಂದು ಕಾಡುತ್ತಿದ್ದ. ನಮ್ಮ ಸಿಸ್ಟರ್‌ಗಳಿಗೆ ಪ್ರೇಯರ್‌ನಲ್ಲಿದ್ದ ನಂಬಿಕೆ ಅವನಿಗೆ ಈ ಕ್ರಮದಲ್ಲಿತ್ತು.

ಒಂದು ವರ್ಷ ಮೇಲಿನಿಂದ ಅವಸರದ ಆರ್ಡರ್ ಬಂತು. ಬಳ್ಳಿ ಇನ್ನೂ ಹಸಿಯಾಗಿತ್ತು. ಅಣ್ಣ ತಡೆಯಲು ನೋಡಿದ, ಆಗಲಿಲ್ಲ. ಕೊನೆಗೆ ತಾನೇ ಮುಂದೆ ನಿಂತು ಕಡಿಸಿದ. ಮುದ್ರೆಯ ಮರ ವಾಲಿತು. ಅದರ ಬೆನ್ನಿಗೇ, ಯಾರೂ ಕೊಡಲಿ ತಾಗಿಸದ ತಾಯಿಮರ ಬೇರುಸಮೇತ ಎದ್ದು ಬಂತು. ಆಮೇಲೆ ಅಲ್ಲಿ ನೆಲಕ್ಕೆ ಬಿದ್ದ ಬಿಸಿಲನ್ನು ನಾನು ನೋಡಿದ್ದೇನೆ. ಅದು ನಮ್ಮ ಕುಷ್ಟಗಿಯ ಬಿಸಿಲು. ಸಸಿ ಏಳುತ್ತವೆ, ಮುಂದಿನ ಕಡಿತದ ಹೊತ್ತಿಗೆ ಬಯಲು ಮುಚ್ಚಿರುತ್ತದೆ ಎಂದು ಅಣ್ಣ ನನಗೋ ತನಗೋ ಹೇಳಿಕೊಂಡ.

ಮುಂದಿನ ಕಡಿತ ಬರಲೇ ಇಲ್ಲ. ಅಲ್ಲಿ ಕಡಿಯುವುದನ್ನೇ ನಿಲ್ಲಿಸಿದರು. ಅವನಿಗೆ ಟ್ರಾನ್ಸ್‌ಫರ್ ಆಯಿತು, ಆಮೇಲೆ ಕಣ್ಣು ಮಂಜಾಯಿತು. ಒಮ್ಮೆ ನೋಡಿ ಬರಬೇಕು ಎನ್ನುತ್ತಲೇ ಉಳಿದ.

ಈ ಮನೆ ಕಟ್ಟಿಸುವಾಗ ಬಾಗಿಲ ಚೌಕಟ್ಟಿಗೆ ಕಟ್ಟಿಗೆ ಆರಿಸಲು ಅವನನ್ನು ಇದೇ ಅಡ್ಡೆಗೆ ಕರೆದುಕೊಂಡು ಹೋಗಿದ್ದೆ. ದಿಮ್ಮಿಯ ತುದಿಯ ಮೇಲೆ ಅಂಗೈ ಆಡಿಸಿ ಮುದ್ರೆ ಹುಡುಕಿದ. ಸಿಗಲಿಲ್ಲ. ಯಾವ ಕಾಡಿನದೆಂದು ಕೇಳಿದ.

"ಹಡಗಿನ್ಯಾಗ ಬಂದೈತ್ರಿ, ಸಾಹೇಬ್ರ," ಎಂದರು ಅಡ್ಡೆಯ ಹುಸೇನಸಾಬರು. "ನಮ್ಮ ಕಾಡ ಉಳೀಬೇಕಲ್ರಿ, ಅದಕ್ಕ ಮಂದಿ ಕಾಡ ತರಸ್ತೀವಿ."

ಅಣ್ಣ ನಗಲಿಲ್ಲ. "ಅಲ್ಲಿ ಬಳ್ಳಿ ಒಣಗಿಸಿರ್ತಾರೇನ್ರಿ?"

ಸಾಬರಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಊರಿಗೆ ಮರಳಲು ಆಟೋ ಹತ್ತುವಾಗ ಅಣ್ಣ ನನ್ನ ಕಡೆ ತಿರುಗಿದ.

"ಆ ಬಯಲು ಮುಚ್ಚಿರಬೇಕಲ್ಲ, ತಂಗಿ?" ನಾನು ಬಾಯಿ ತೆರೆಯುವ ಮೊದಲೇ, "ಸುಮ್ಮನ ಹೂಂ ಅನಬ್ಯಾಡ. ಕಾನ್ವೆಂಟಿನವರು ಸುಳ್ಳೂ ಛಂದ ಹೇಳ್ತೀರಿ."

ಈಗ ಆ ಕಟ್ಟಿಗೆಯ ಚೌಕಟ್ಟು ದಾಟುವಾಗೆಲ್ಲ ನನ್ನ ಅಂಗೈಯೂ ಅದರ ಮೇಲೆ ಮುದ್ರೆ ಹುಡುಕುತ್ತದೆ.

ಆ ದಿನ ಆಟೋ ಬಸ್‌ಸ್ಟ್ಯಾಂಡಿನ ಕಡೆ ಹೊರಳಿದಾಗ ಕೈ ಬೀಸಿದೆ. ಅವನು ಬೀಸಲಿಲ್ಲ. ಅಡ್ಡೆಯ ಮರದ ಹೊಟ್ಟನ್ನು ಮುಷ್ಟಿಯಲ್ಲಿ ಮೂಗಿನ ಹತ್ತಿರ ಹಿಡಿದು, ಯಾವ ಮರವೆಂದು ಗುರುತು ಹತ್ತದೆ, ಮತ್ತೆ ಮತ್ತೆ ಮೂಸುತ್ತಿದ್ದ.