ಮುಂದೆ ಮುಂದೆ ನಡೆದ ಭೀಮಾಶಂಕರ

ಕೂಕಟ್‌ಪಲ್ಲಿಯ ಕನ್ನಡದ ಮಂದಿ ತಿಂಗಳಿಗೊಂದು ಭಾನುವಾರ ಅನಂತಗಿರಿ ಗುಡ್ಡ ಹತ್ತಲು ಹೋಗುತ್ತಾರೆ. ಬಸ್ಸಿಳಿದ ಕೂಡಲೇ ಗುಂಪು ಎರಡಾಗುತ್ತದೆ. ಜೋರಿನವರು ಬೆವರು ಸುರಿಸುತ್ತ ಮುಂದೆ ಹೋಗುತ್ತಾರೆ, ಆರಾಮಿನವರು ಹರಟುತ್ತ, ಸೀತಾಫಲದ ಗಿಡ ಕಂಡಲ್ಲೆಲ್ಲ ನಿಲ್ಲುತ್ತ ಬರುತ್ತಾರೆ. ಸನತ್‌ನಗರದ ಕಾರ್ಖಾನೆಯಲ್ಲಿ ಲೇಥ್ ಮಷಿನ್ ನಡೆಸುವ ಟರ್ನರ್ ಆಗಿ ನಿವೃತ್ತನಾದ ಭೀಮಾಶಂಕರ ಜೋರಿನವರ ಮುಂದಾಳು. ಗುಡ್ಡವೇನು ಓಡಿಹೋಗುತ್ತದೆಯೇ ಎಂದು ಯಾರಾದರೂ ಅಂದರೆ ಅವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಅರವತ್ತು ದಾಟಿದ್ದರೂ ತುದಿ ಮೊದಲು ಮುಟ್ಟುವವನು ತಾನೇ ಆಗಬೇಕು. ಮುಟ್ಟಿದರೆ ಕೊಡುವುದೇನೂ ಇಲ್ಲ, ಆದರೂ ಅದೊಂದು ಖಯಾಲಿ.

ಕಾರ್ಖಾನೆಯಲ್ಲಿ ಪಕ್ಕದ ಮಷಿನ್ನಿನಲ್ಲಿದ್ದ ಗೆಳೆಯ ವೈಜನಾಥ ಆರಾಮಿನವನು. ಹೋದ ಚಳಿಗಾಲವಿಡೀ ಏರು ಶುರುವಾಗುವಲ್ಲಿ ಅವನು ಭೀಮಾಶಂಕರನ ತೋಳು ಹಿಡಿಯುತ್ತಿದ್ದ.

“ಭೀಮಣ್ಣ, ಇವತ್ತು ನನ್ನ ಜೋಡಿ ಸಾವಕಾಶ ನಡೀರಿ. ಒಂದು ಮಾತು ಐತಿ.”

“ಮ್ಯಾಲ ಬರ್ರಿ, ಅಲ್ಲೇ ಕುಂತು ಕೇಳ್ತೀನಿ,” ಎಂದು ಇವನು ತೋಳು ಬಿಡಿಸಿಕೊಳ್ಳುತ್ತಿದ್ದ.

ಮೇಲೆ ಎಲ್ಲರ ನಡುವೆ ಕುಳಿತ ವೈಜನಾಥ ರೊಟ್ಟಿ, ಶೇಂಗಾ ಹಿಂಡಿ ಹಂಚುತ್ತಿದ್ದನೇ ಹೊರತು ಆ ಮಾತು ಎತ್ತುತ್ತಿರಲಿಲ್ಲ. ಈ ಮಹಾರಾಯನೂ ಕೇಳುತ್ತಿರಲಿಲ್ಲ.

ಮನೆಯಲ್ಲಿ ಮಗಳು ಗುರುದೇವಿಯದೂ ಅದೇ ರಾಗ. “ಅಪ್ಪಾ, ಇವತ್ತರ ವೈಜನಾಥ ಕಾಕಾನ ಜೋಡಿ ನಡಿ,” ಎನ್ನುತ್ತ ನೀರಿನ ಬಾಟಲಿ ಕೊಡುತ್ತಿದ್ದಳು. ತನ್ನ ಮೊಣಕಾಲಿನ ಚಿಂತೆ ಇವಳಿಗೆ ಎಂದುಕೊಂಡು, “ನನಗೇನಾಗೇತಿ, ಗಟ್ಟಿ ಅದೀನಿ,” ಎಂದು ಎದೆಯುಬ್ಬಿಸಿ ಹೊರಡುತ್ತಿದ್ದ.

ಈ ಸಲ ಕಾಲು ಉಳುಕಿತು. ಮೆಟ್ರೋ ಮೆಟ್ಟಿಲಿಳಿಯುವಾಗ, ಅಲ್ಲೂ ಅವಸರ. ಮನೆಯಲ್ಲಿ ಕೂರಲಾರದೆ ಕೋಲು ಹಿಡಿದು ಬಂದವನು ಮೊದಲ ಬಾರಿಗೆ ಆರಾಮಿನವರ ಜೊತೆ ಉಳಿದ. ದಾರಿಯಲ್ಲಿ ಇಬ್ಬರೇ ಆದಾಗ ವೈಜನಾಥ ತಾನಾಗಿ ಬಾಯಿ ಬಿಟ್ಟ.

“ಈಗ ಹೇಳಿದ್ರ ತಪ್ಪಿಲ್ಲ ಬಿಡ್ರಿ. ನಮ್ಮ ಮಗ ಪ್ರಜ್ವಲನ ಲಗ್ನ ಬೀದರದಾಗ ಗೊತ್ತಾತು. ಅವನಿಗೆ ನಿಮ್ಮ ಗುರುದೇವಿನ ಕೇಳಬೇಕಂತ ಭಾಳ ಇತ್ತು ನನಗ.”

“ಕೇಳಬೇಕಿತ್ತಲ್ಲ ವೈಜಣ್ಣ. ಮನಿಗೆ ಬರಬೇಕಿತ್ತಲ್ಲ.”

“ಮನಿಗೆ ಬಂದು ಕೇಳಿದ್ರ ನಿಮಗ ಒಲ್ಲೆ ಅನ್ನೂದು ಕಷ್ಟ. ಮಂದಿ ಮುಂದಂತೂ ಕೇಳೂ ಮಾತಲ್ಲ. ದಾರ್ಯಾಗ ಕೇಳಿದ್ರ ಹೂಂ ಆಗ್ಲಿ, ಒಲ್ಲೆ ಆಗ್ಲಿ, ನಮ್ಮಿಬ್ಬರೊಳಗ ಉಳೀತೈತಿ ಅಂತ. ನೀವು ನಿಲ್ಲಲೇ ಇಲ್ಲ. ಮನಸ್ಸಿಲ್ಲ, ಅದಕ್ಕ ತಪ್ಪಿಸ್ಕೊಂಡು ಮುಂದ ಹೋಗಾಕತ್ತಾರ ಅಂತ ತಿಳಕೊಂಡೆ.”

ಭೀಮಾಶಂಕರ ಕೋಲೂರಿ ಅಲ್ಲೇ ನಿಂತ. ಅಂಥ ಹುಡುಗ, ಅಂಥ ಮನೆ. ಕೇಳಿದ್ದರೆ ನಿಂತಲ್ಲೇ ಕೈಹಿಡಿದು ಹೂಂ ಅನ್ನುತ್ತಿದ್ದ. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಸಂಜೆ ಮಗಳಿಗೆ ಪ್ರಜ್ವಲನ ಲಗ್ನದ ಸುದ್ದಿಯಷ್ಟೇ ಹೇಳಿದ. ಉಳಿದದ್ದು ಅವಳಿಗೆ ಗೊತ್ತಾಗುವುದು ಬೇಡವೆಂದು ನುಂಗಿಕೊಂಡ. ಅವನ ಊದಿದ ಕಾಲಿಗೆ ಪಟ್ಟಿ ಸುತ್ತುತ್ತಿದ್ದ ಗುರುದೇವಿ ತಲೆ ಎತ್ತಲಿಲ್ಲ.

“ಗೊತ್ತೈತಪ್ಪಾ. ಕಾಕಾ ದಾರ್ಯಾಗ ನಿನ್ನ ಕೇಳ್ತಾರಂತ ಪ್ರಜ್ವಲ ಮೊದಲೇ ಹೇಳಿದ್ದ. ನನ್ನ ಲಗ್ನದ ಮಾತು ನಾನೇ ಹೆಂಗ ಆಡ್ಲಿ? ಅದಕ್ಕ ಪ್ರತಿ ಸಲ ಅಷ್ಟೇ ಅಂತಿದ್ದೆ, ಅವರ ಜೋಡಿ ನಡಿ ಅಂತ.”