ಆಲ್ಬಟ್ರಾಸ್ ಬಂತು, ಏಳ್ರೀ!

ನಮ್ಮ ಭಾವನಿಗೆ ಸಮುದ್ರ ಆಗಿಬರಲ್ಲ. ಅವರಿಗೆ ಬೇಕಾದ ಹಕ್ಕಿ ಇರೋದು ನಡುಸಮುದ್ರದಲ್ಲೇ. ಏನು ಮಾಡೋದು ಹೇಳಿ?

ಅಮೆರಿಕದ ಇಸ್ಸಾಕ್ವಾದಲ್ಲಿರೋ ಅಕ್ಕನ ಮನೆಗೆ ಹೋದರೆ ಗೋಡೆ ತುಂಬ ಭಾವ ತೆಗೆದ ಹಕ್ಕಿಗಳು. (ಅಕ್ಕನದು ಒಂದೇ ಫೋಟೋ. ಮದುವೆಯದ್ದು, ಅದೂ ಸ್ಟುಡಿಯೋದವರು ತೆಗೆದದ್ದು.) ಇಲ್ಲದ್ದು ಆಲ್ಬಟ್ರಾಸ್ ಮಾತ್ರ. ತಿಂಗಳುಗಟ್ಟಲೆ ನೆಲ ಮುಟ್ಟದೆ, ರೆಕ್ಕೆ ಬಡಿಯೋ ಶ್ರಮವನ್ನೂ ತಗೊಳ್ಳದೆ, ಗಾಳಿ ಮೇಲೆ ತೇಲೋ ಹಕ್ಕಿ. ಭಾವ ಎರಡು ಸಲ ಹಕ್ಕಿ ನೋಡೋರ ದೋಣಿ ಹತ್ತಿದ್ದರು. ಎರಡು ಸಲವೂ ಹಕ್ಕಿ ಬಂದಾಗ ಅವರ ಮುಖ ಬಕೆಟ್ಟಿನೊಳಗಿತ್ತು. ಅದಕ್ಕೇ ಕಳೆದ ವಾರ, ಈ ವರ್ಷದ ಕೊನೇ ಟ್ರಿಪ್ಪಿಗೆ, ಅಕ್ಕನೂ ಹೊರಟಳು. ನಾನು? ಆಡಿಕೊಳ್ಳೋಕೆ ಒಬ್ಬರು ಬೇಡವಾ!

ದೋಣಿ ಹೊರಡೋ ಊರು ವೆಸ್ಟ್‌ಪೋರ್ಟ್‌ನ ಮೋಟೆಲ್. ಬೆಳಕು ಹರಿದಿರಲಿಲ್ಲ. ಅಕ್ಕ ವಾಂತಿ ಮಾತ್ರೆ ಹಿಡಿದು ನಿಂತಿದ್ದಳು. "ರೀ, ದೋಣಿ ಹತ್ತೋಕೆ ಒಂದು ಗಂಟೆ ಮುಂಚೆ ನುಂಗಬೇಕಂತೆ."

"ಖಾಲಿ ಹೊಟ್ಟಿಲೆ ಗುಳಿಗಿ ನುಂಗಬಾರದು. ತಿನ್ನಬೇಕಂದ್ರ ಜಳಕಾ ಆಗಿಲ್ಲ, ಸಂಧ್ಯಾವಂದನಿ ಆಗಿಲ್ಲ." ಭಾವ ಧಾರವಾಡದವರು.

"ಒಂದು ದಿನ ಬಿಟ್ಟರೆ ಏನಾಗುತ್ತೆ?"

"ಬಿಡಲಿಕ್ಕೆ ಬರಂಗಿಲ್ಲ."

(ಇಂಥ ಲಾಜಿಕ್ ಬರೆಯೋರನ್ನ ಯಾವ ಸಾಫ್ಟ್‌ವೇರ್ ಕಂಪನಿ ತಾನೇ ಬಿಟ್ಟೀತು?)

ಎಲ್ಲ ಮುಗಿಸಿ, ಅವಲಕ್ಕಿ ತಿಂದು, ಭಾವ ಮಾತ್ರೆ ನುಂಗಿದ್ದು ದೋಣಿಯ ಹಗ್ಗ ಬಿಚ್ಚುವಾಗ. ನಾನು ಅವರ ವಾಂತಿ ಸದ್ದನ್ನು ಆಗಲೇ ಪ್ರಾಕ್ಟೀಸ್ ಮಾಡ್ತಿದ್ದೆ. ಅಕ್ಕ ತಲೆಗೆ ಮೊಟಕಿದಳು.

ದಡ ಮಾಯವಾಗಿ ಎಷ್ಟೋ ಹೊತ್ತಾದ ಮೇಲೆ ದೋಣಿಯವರು ಹಕ್ಕಿ ಕರೆಯೋಕೆ ಅಂತ ನೀರಿಗೆ ಪಾಪ್‌ಕಾರ್ನ್, ಮೀನೆಣ್ಣೆ ಸುರಿದರು. ಅಬ್ಬಾ, ಆ ವಾಸನೆ! ಮೊಟ್ಟೆ ಹಾಕಿದ ಕೇಕನ್ನೂ ಮೂಸಿ ನೋಡಿ ದೂರ ಇಡೋ ಭಾವ ರೈಲಿಂಗಿಗೆ ಬಾಗಿದರು. ಅವಲಕ್ಕಿ ಶಾಂತಸಾಗರದ ಪಾಲಾಯ್ತು. ನನ್ನನ್ನೇನು ಕೇಳ್ತೀರಿ, ನಾನೂ ಪಕ್ಕದಲ್ಲೇ ಬಾಗಿದ್ದೆ. (ಪ್ರಾಕ್ಟೀಸ್ ಕೆಲಸಕ್ಕೆ ಬಂತು.)

ಆಗಲೇ ಬಂತು. ಕಡುಕಂದು ಮೈ, ಮುಗಿಯದಷ್ಟು ಉದ್ದದ ರೆಕ್ಕೆ. ಅಲೆಗಳನ್ನು ಸವರಿಕೊಂಡು ಬಂದು, ಕಾಲು ಮುಂದೆ ಚಾಚಿ, ದೋಣಿ ಪಕ್ಕದಲ್ಲೇ ನೀರಿಗಿಳಿದು ಕೂತಿತು.

"ರೀ! ಬಂತು, ಏಳ್ರೀ!"

ರೈಲಿಂಗ್ ಬಿಟ್ಟರೆ ಭಾವ ಬೀಳೋ ಹಾಗಿದ್ದರು. ಯಾರಿಗೂ ಮುಟ್ಟಗೊಡದ ಕ್ಯಾಮೆರಾನ ಕುತ್ತಿಗೆಯಿಂದ ತೆಗೆದು ಅಕ್ಕನಿಗೆ ಕೊಟ್ಟರು. "ನೀನ ತಗಿ. ಇಲ್ಲೆ ಒತ್ತು, ಅಷ್ಟ."

ಆಮೇಲೆ ಕಂಬಿ ಹಿಡಿದು ಹೇಗೋ ಎದ್ದು ನಿಂತರು. ಒಂದು ಹಕ್ಕಿಯನ್ನ ಬರೀ ಕಣ್ಣಿಂದ ಅವರು ಅಷ್ಟು ಹೊತ್ತು ನೋಡಿದ್ದು ನನಗಂತೂ ನೆನಪಿಲ್ಲ. ತೆರೆದ ಬಾಯಿ ತೆರೆದೇ ಇತ್ತು. ಕಣ್ಣಲ್ಲಿ ನೀರು. (ಗಾಳಿಗೆ ಅಂತೆ.) ಹಕ್ಕಿ ರೆಕ್ಕೆ ಬಿಚ್ಚಿ, ನೀರ ಮೇಲೆ ದಡಬಡ ಓಡಿ, ಎದ್ದು ಹೋಯ್ತು.

"ತಗದಿ?"

ಅಕ್ಕ ತೋರಿಸಿದಳು. ಒಂದಾದ ಮೇಲೊಂದು, ಸ್ಕ್ರೀನ್ ತುಂಬ ಭಾವ.

"ಹುಚ್ಚಿ, ಹಕ್ಕಿ ಬಿಟ್ಟು ನನ್ನ ಯಾಕ ತಗದಿ?"

"ಹಕ್ಕಿ ಮುಂದಿನ ವರ್ಷನೂ ಬರುತ್ತೆ. ನಿಮ್ಮ ಈ ಮುಖ ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ."

ಬೈಗುಳ ಕಾಯ್ತಾ ನಿಂತೆ. ಭಾವ ನೋಡಿದರೆ ದಡ ಸೇರೋವರೆಗೂ ಅಕ್ಕನ ಕೈ ಹಿಡಿದೇ ಕೂತರು. (ಭಾವಮೈದುನ ಎದುರಿಗಿದ್ದಾನೆ ಅನ್ನೋ ಸಂಕೋಚವಾದರೂ ಬೇಡವಾ?)

ಮನೆಮನೆಯ ಆಲ್ಬಮ್ಮುಗಳಲ್ಲಿ ಫೋಟೋ ತೆಗೆಯೋರು ಮಾತ್ರ ಇರೋದೇ ಇಲ್ಲ, ಗಮನಿಸಿದ್ದೀರಾ?

ಭಾವನ ಹತ್ತಿರ ಈಗಲೂ ಆಲ್ಬಟ್ರಾಸ್ ಫೋಟೋ ಇಲ್ಲ. ಅಕ್ಕನ ಹತ್ತಿರ ಇದೆ, ಹಕ್ಕಿಯಿಲ್ಲದ್ದು.